ಸ್ಟಿಕ್ ತೋರಿಸೋಕೆ ಯಾವ ಟಿವಿ?

ನಿನ್ನೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಫೈರ್ ಟಿವಿ ಸ್ಟಿಕ್ ನೋಡೋಕೆ ಹೋಗಿದ್ದೆ. ಅದನ್ನ ಸಿಕ್ಕಿಸಿದ್ದು 65 ಇಂಚಿನ ಓಎಲ್‌ಇಡಿ ಟಿವಿಗೆ! ಆ ಟಿವಿಯೇ ಸ್ಮಾರ್ಟು; ಯೂಟ್ಯೂಬು, ಪ್ರೈಮು ಎಲ್ಲ ಅದರೊಳಗೇ ಇದೆ. ಉಂಡು ಕೈ ತೊಳೆದವನಿಗೆ ಮತ್ತೆ ಎಲೆ ಹಾಕಿದ ಹಾಗೆ.

2013ರಲ್ಲಿ ಗೂಗಲ್ 35 ಡಾಲರಿಗೆ ಇಂಥದ್ದೇ ಕೆಲಸ ಮಾಡೋ ಕ್ರೋಮ್‌ಕಾಸ್ಟ್ ತಂದಿದ್ದೇ ದಡ್ಡ ಟಿವಿಗೆ ಬುದ್ಧಿ ಕಲಿಸೋಕೆ. ನಮ್ಮನೇದು ಅಂಥದ್ದೇ. 32 ಇಂಚು, 1366×768 ಪಿಕ್ಸೆಲ್, ಗೋಡೆಗೆ ಅಂಟಿಕೊಂಡ ಹಿಂಬದಿಯಲ್ಲಿ ಎರಡೇ ಎಚ್‌ಡಿಎಂಐ ಪೋರ್ಟು, ಒಂದರಲ್ಲಿ ಆಗಲೇ ಸೆಟ್‌ಟಾಪ್ ಬಾಕ್ಸು. ಆ ಸಂದಿಯಲ್ಲಿ ಸ್ಟಿಕ್ ಹಿಡಿಸುತ್ತಾ? ಟಿವಿಯ ಯುಎಸ್‌ಬಿಯಿಂದ ಬರೋ ಕರೆಂಟು ಸಾಲುತ್ತಾ, ಇಲ್ಲಾ ಅಡಾಪ್ಟರಿಗೆ ಇನ್ನೊಂದು ಪ್ಲಗ್ ಪಾಯಿಂಟ್ ಹುಡುಕಬೇಕಾ? ನಂಗೆ ತಿಳೀಬೇಕಿದ್ದಿದ್ದು ಇಷ್ಟೇ.

ಅಂಗಡಿಯದ್ದು ‘ಸ್ಟೋರ್ ಮೋಡ್’ ಬೇರೆ. ಅಷ್ಟೊಂದು ಲೈಟುಗಳ ನಡುವೆಯೂ ಕಣ್ಣಿಗೆ ಹೊಡೀಲಿ ಅಂತ ಬೆಳಕು, ಬಣ್ಣ ಎರಡನ್ನೂ ಏರಿಸಿಟ್ಟಿರ್ತಾರೆ. ತೆರೆ ಮೇಲಿನ ಗಿಣಿ ಈಗಷ್ಟೇ ಪೇಂಟ್ ಡಬ್ಬದಿಂದ ಎದ್ದು ಬಂದಂತಿತ್ತು.

“ಒಂದು ಹಳೇ ಟಿವಿಗೆ ಹಾಕಿ ತೋರಿಸಪ್ಪ” ಅಂದೆ.

ಹುಡುಗ ನಕ್ಕ. “ಹಳೇದರಲ್ಲೇ ಎಲ್ಲ ಬರುತ್ತೆ ಅಂತ ತೋರಿಸಿದ್ರೆ, ಈ 65 ಇಂಚಿಂದು ಯಾರು ತಗೋತಾರೆ ಸರ್?”