ಕಹಳೆಯೂ ಕೊರಳೂ

ಶಬ್ದೋತ್ಪತ್ತಿಯನ್ನು ಕುರಿತು ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹೇಳುವ ಮಾತು ಹಳಗನ್ನಡದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ. ಅದರ ಬಣ್ಣ ಬಿಳಿ. ಶಬ್ದವನ್ನು ಪುದ್ಗಲವೆಂದು ಬಗೆಯುವ ಜೈನದರ್ಶನದ ಹಿನ್ನೆಲೆಯಲ್ಲಿ ಇದನ್ನು ವಿವರಿಸುವುದು ವಾಡಿಕೆ. ಈ ಸೂತ್ರವನ್ನು ಕೊರಳಿನ ಕಡೆಯಿಂದ ಓದುವ ಪ್ರಸಂಗ ನನಗೆ ಎರಡು ವರ್ಷಗಳ ಹಿಂದೆ ಒದಗಿತು.

ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ತರಗತಿ, ಮೇಲೆ ಸದ್ದು ಮಾಡುವ ಫ್ಯಾನುಗಳು, ಧ್ವನಿವರ್ಧಕವಿಲ್ಲ. ಮೊದಲು ಏರುಸ್ಥಾಯಿಯಲ್ಲಿ ಸ್ವರ ಒಡೆಯಿತು; ಬಳಿಕ ಸಂಜೆಯ ಹೊತ್ತಿಗೆ ಮಾತೇ ಗೊಗ್ಗರಾಗತೊಡಗಿತು. ತಿಂಗಳಾದರೂ ಹೋಗಲಿಲ್ಲ. ಗಂಟಲಿನ ವೈದ್ಯರು ನೋಡಿ, ಧ್ವನಿತಂತುಗಳು ಪರಸ್ಪರ ತಾಗುವಲ್ಲಿ ಸಣ್ಣ ಗಂಟುಗಳಿವೆ ಎಂದರು. ಮಾತನಾಡುವಾಗ ಈ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಒಂದು ಗಂಟೆಯ ಪಾಠವೆಂದರೆ ಲಕ್ಷಗಟ್ಟಲೆ ತಾಡನ.

ಒಂದು ವಾರ ಆದಷ್ಟು ಮೌನವಾಗಿರಲು ಹೇಳಿದರು. ಪಿಸುಮಾತೂ ಬೇಡವಂತೆ, ಅದನ್ನಾಡುವಾಗಲೂ ನಾವು ಗಂಟಲನ್ನು ಬಿಗಿಹಿಡಿಯುತ್ತೇವೆ. ಪದೇ ಪದೇ ಗಂಟಲು ಕೆರೆದುಕೊಳ್ಳುವುದು ತಂತುಗಳನ್ನು ಒಂದಕ್ಕೊಂದು ಬಡಿದಂತೆ. ನೀರನ್ನು ಆಗಾಗ ಗುಟುಕರಿಸಬೇಕು. ಸಹೋದ್ಯೋಗಿಗಳು ತಂದಿತ್ತ ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸುಗಳನ್ನು ಕೃತಜ್ಞತೆಯಿಂದಲೇ ತಿಂದೆ. ಗಂಟಲಿಗೆ ಹಿತವೆನಿಸಿತು ನಿಜ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ.

ಆ ವಾರ ತರಗತಿಯಲ್ಲಿ ಪದ್ಯಗಳನ್ನು ವಿದ್ಯಾರ್ಥಿಗಳೇ ಓದಿದರು. ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ. ಕೇಳುತ್ತ ಕುಳಿತಾಗ ಒಂದು ಸಂಗತಿ ಸ್ಪಷ್ಟವಾಯಿತು. ಸಂಸ್ಕೃತ ಕವಿ ಸ್ರಗ್ಧರೆಯ 21 ಅಕ್ಷರಗಳ ಪಾದದಲ್ಲಿ ಏಳೇಳಕ್ಕೊಮ್ಮೆ ಯತಿ ಇಡುತ್ತಾನೆ. ನಮ್ಮ ಕವಿಗಳು ಯತಿಯನ್ನು ಬಹುಮಟ್ಟಿಗೆ ಬಿಟ್ಟು ಪ್ರಾಸವನ್ನು ಹಿಡಿದವರು. ಪಂಪ ರನ್ನರ ಮಹಾಸ್ರಗ್ಧರೆಯ 22 ಅಕ್ಷರಗಳಲ್ಲಿ ಉಸಿರಿಗೆ ಗೊತ್ತಾದ ತಾಣವಿಲ್ಲ. ಪದವು ಪಾದದಿಂದ ಪಾದಕ್ಕೆ ಹರಿದುಹೋಗುವುದೂ ಉಂಟು. ಅನ್ವಯ ತಿಳಿದರೆ ಮಾತ್ರ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಅನ್ವಯ ಸಿಕ್ಕದ ಹುಡುಗರ ಉಸಿರು ಸಮಾಸದ ನಡುವೆಯೇ ಮುಗಿಯುತ್ತಿತ್ತು, ಉಳಿದ ಅಕ್ಷರಗಳನ್ನು ಅವರು ಗಂಟಲು ಹಿಂಡಿ ಹೊರತರುತ್ತಿದ್ದರು. ಹಳಗನ್ನಡ ಓದಿಗೆ ಗಂಟಲು ನೋಯುವುದಕ್ಕೆ ಛಂದಸ್ಸಿನಲ್ಲಿಯೂ ಕಾರಣವಿದೆ ಎನ್ನಬಹುದೇನೋ!

ಬಳಿಕ ಧ್ವನಿಚಿಕಿತ್ಸಕರು ಹೊಟ್ಟೆಯ ಮೇಲೆ ಕೈಯಿರಿಸಿಕೊಂಡು ಉಸಿರಾಡಲು ಕಲಿಸಿದರು. ಬಲವೆಲ್ಲ ಅಲ್ಲಿಂದ ಬರಬೇಕು, ಕೊರಳು ಸಡಿಲವಾಗಿರಬೇಕು ಎಂದರು. ನಾಭಿಮೂಲ, ಅನುಕೂಲ ಪವನ! ಕೇಶಿರಾಜನು ಮುಂದುವರಿದು ದೇಹವನ್ನು ವಾದ್ಯವೆಂದೂ ನಾಲಗೆಯನ್ನು ಬಾರಿಸುವ ಕೋಲೆಂದೂ ಆತ್ಮನನ್ನು ಕರ್ತೃವೆಂದೂ ಹೇಳುತ್ತಾನೆ. ಆತ ಶರೀರವಿಜ್ಞಾನ ಬರೆದನೆಂದು ನಾನು ವಾದಿಸುತ್ತಿಲ್ಲ. ಅಂಥ ವಾದಗಳು ನನಗೆ ರುಚಿಸುವುದೂ ಇಲ್ಲ. ಆದರೆ ವಾದ್ಯವನ್ನು ಬಲ್ಲವರ ನಡುವೆ ಬಾಳಿದವನ ಮಾತು ಅದು.

ಶಸ್ತ್ರಚಿಕಿತ್ಸೆಯಿಲ್ಲದೆ ಗಂಟುಗಳು ಕರಗಿದವು. ಈಗ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಧ್ವನಿವರ್ಧಕವಿದೆ. ಸತತ ಎರಡು ತರಗತಿಗಳಾದ ಮೇಲೆ ಅರ್ಧ ಗಂಟೆ ಯಾರೊಡನೆಯೂ ಮಾತಿಲ್ಲ. ನನಗೆ ರಜೆಯಿತ್ತು, ಸಂಬಳವಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಎರಡೆರಡು ಕಾಲೇಜುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರು. ಒಂದು ವಾರದ ಮೌನ ಅವರಿಗೆ ದುಬಾರಿ. ಕಳೆದ ತಿಂಗಳು ಅವರಲ್ಲೊಬ್ಬರು ಫೋನು ಮಾಡಿದಾಗ ದನಿಯಿಂದ ಗುರುತೇ ಹತ್ತಲಿಲ್ಲ. ಐದು ವಾರಗಳಿಂದ ಹೀಗೇ ಇದೆಯೆಂದರು. ಮೂರು ವಾರ ಮೀರಿದ ಗೊಗ್ಗರುದನಿಯನ್ನು ವೈದ್ಯರಿಗೆ ತೋರಿಸಲೇಬೇಕೆಂದು ಹೇಳಿ, ಮುಂದಿನ ವಿಷಯವನ್ನು ಬರೆದು ಕಳಿಸುವಂತೆ ತಿಳಿಸಿ ಫೋನು ಇಟ್ಟೆ.