ಶಿರ್ತಾಡಿಯಿಂದ ಗಡಾಯಿಕಲ್ಲಿಗೆ

ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ದಾರಿಯಲ್ಲಿ ತೋಟ ಮುಗಿದರೆ ಗದ್ದೆ, ಗದ್ದೆ ಮುಗಿದರೆ ಮತ್ತೆ ತೋಟ. ಈ ಹಸಿರಿನ ನಡುವೆ ಕೊಣಾಜೆ ಕಲ್ಲಿನ ಜೋಡಿ ಬಂಡೆಗಳು ತಲೆ ಎತ್ತಿ ನಿಂತಿವೆ. ಅಲ್ಲಿ ಗುಹೆಗಳಿವೆ, ಆಶ್ರಮವಿದೆ, ಚಾರಣಕ್ಕೆ ಬರುವವರೂ ಇದ್ದಾರೆ. ನನ್ನ ಕಣ್ಣು ಮಾತ್ರ ಬಂಡೆಯ ನುಣುಪಾದ ಬದಿಯ ಮೇಲೆಯೇ ಇತ್ತು. ಕಡಿದಾದ ಕಲ್ಲು ಕಂಡ ಕೂಡಲೇ ಕೈ ಎಲ್ಲಿಡಬಹುದು, ಕಾಲು ಎಲ್ಲಿ ನಿಂತೀತು ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹತ್ತುವವನು ನಾನಲ್ಲ. ಹತ್ತುವವರನ್ನು ನೋಡಿ ಅಂಗೈ ಬೆವರಿಸಿಕೊಳ್ಳುವವನು.

ಈ ಅಭ್ಯಾಸ ಶುರುವಾದದ್ದು ಚಿತ್ರದುರ್ಗದ ಕೋಟೆಯಲ್ಲಿ. ‘ಕೋತಿರಾಜ್’ ಎಂದೇ ಹೆಸರಾದ ಜ್ಯೋತಿರಾಜ್ ಅಲ್ಲಿ ಹಗ್ಗವಿಲ್ಲದೆ ಗೋಡೆ ಏರುವುದನ್ನು ನೋಡಿದ್ದೆ. ಕಲ್ಲು ಕಲ್ಲಿನ ನಡುವಿನ ಸಂದಿಗೆ ಬೆರಳ ತುದಿ ಸೇರಿಸಿ, ಯಾರೋ ಮೇಲಿನಿಂದ ಕರೆದಂತೆ ಸರಸರನೆ ಹೋದರು. ನೆರೆದವರು ಚಪ್ಪಾಳೆ ಹೊಡೆದರು. ನನಗೆ ಕೈ ಎತ್ತಲೇ ಆಗಲಿಲ್ಲ. ತಮಿಳುನಾಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆ ಬಿಟ್ಟು ಬಂದವರು ಅವರು. ಬದುಕು ಬೇಡವೆನಿಸಿ ಚಿತ್ರದುರ್ಗದ ಬೆಟ್ಟಕ್ಕೆ ಹೋದಾಗ ಕೋತಿಯೊಂದು ಬಂಡೆ ಏರುವುದನ್ನು ಕಂಡು ಅದರಂತೆ ತಾನೂ ಏರಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಸಾಯಲು ಹೋದವನಿಗೆ ಬದುಕಲು ಅದೇ ಬಂಡೆ ದಾರಿಯಾಯಿತು. 2023ರ ಫೆಬ್ರವರಿಯಲ್ಲಿ ಅವರು ಬೆಳ್ತಂಗಡಿಯ ಗಡಾಯಿಕಲ್ಲನ್ನೂ ಏರಿದರು. ಆ ಕಲ್ಲನ್ನು ಹತ್ತಿರದಿಂದ ನೋಡಬೇಕೆಂದೇ ಈ ಸಲ ಹೊರಟಿದ್ದೆ. ಶಿರ್ತಾಡಿಯಲ್ಲಿ ಸ್ನೇಹಿತರ ಮನೆ ಇದ್ದುದರಿಂದ ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ ಅವರ ತೋಟದಲ್ಲಿ ಅಡಿಕೆ ಕೊಯ್ಲು. ಚಹಾ ಕುಡಿದು ಹೊರಡುವ ಅಂದಾಜಿನಲ್ಲಿದ್ದವನು ಅಲ್ಲೇ ನಿಂತುಬಿಟ್ಟೆ. ಐವತ್ತು ದಾಟಿದ ಒಬ್ಬರು ಎರಡೂ ಪಾದಗಳಿಗೆ ತಳೆ ಸಿಕ್ಕಿಸಿಕೊಂಡು ಮರ ಹತ್ತುತ್ತಿದ್ದರು. ತಳೆ ಎಂದರೆ ಪಾದಗಳನ್ನು ಮರಕ್ಕೆ ಕಚ್ಚಿಸುವ ಹಗ್ಗದ ಬಳೆ, ಅಷ್ಟೇ. ಸೊಂಟಕ್ಕೆ ಏನೂ ಇಲ್ಲ, ಕೆಳಗೆ ಬಲೆಯೂ ಇಲ್ಲ. ಕೈಯಲ್ಲಿ ಕಾಂಡ ತಬ್ಬಿ, ಮೊಣಕಾಲು ಮಡಚಿ, ತಳೆಯನ್ನು ಮೇಲೆಳೆದು ನಿಲ್ಲುತ್ತ ನಲವತ್ತೈವತ್ತು ಅಡಿ ಹೋದರು. ಗೊನೆ ಕಡಿದು ಇಳಿಸಿದ ಮೇಲೆ ಕೆಳಗೆ ಬರಲಿಲ್ಲ. ಮರವನ್ನು ತೂಗಿ, ಪಕ್ಕದ ಮರದ ತಲೆ ಕೈಗೆ ಸಿಕ್ಕಿದ ಗಳಿಗೆಯಲ್ಲಿ ಅದಕ್ಕೆ ದಾಟಿಕೊಂಡರು. ಆ ಗಳಿಗೆಯಲ್ಲಿ ಅವರು ಎರಡು ಮರಗಳಿಗೂ ಸೇರಿರಲಿಲ್ಲ. ಚಿತ್ರದುರ್ಗದಲ್ಲಿ ನಿಂತುಹೋದ ನನ್ನ ಉಸಿರು ಇಲ್ಲಿಯೂ ನಿಂತಿತು. ಇಲ್ಲಿ ಮಾತ್ರ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ.

ಇಳಿದು ಬಂದು ಎಲೆ ಮಡಚುತ್ತ ಕುಳಿತಾಗ ಕೇಳಿದೆ: “ಹೆದರಿಕೆ ಆಗುವುದಿಲ್ಲವಾ?”

“ಆಗದೆ ಉಂಟಾ ಮಾರಾಯ್ರೇ!” ಎಂದರು. “ಹತ್ತಿದ ಮೇಲೆ ಅಲ್ಲ, ಬುಡದಲ್ಲಿ ನಿಂತಾಗ. ಒಮ್ಮೆ ತಟ್ಟಿ ನೋಡ್ತೇನೆ. ಮನಸ್ಸು ಬೇಡ ಅಂದ್ರೆ ಆ ಮರ ಬಿಡುವುದು. ನಾಳೆಯೂ ಅದು ಅಲ್ಲೇ ಉಂಟಲ್ಲ.”

ಮಳೆಗಾಲದ ಕಷ್ಟವನ್ನೂ ಹೇಳಿದರು. ಅಡಿಕೆಯ ಕೊಳೆರೋಗ ತಡೆಯಲು ಮಳೆಗಾಲದ ಬಿಡುವಿನ ದಿನಗಳಲ್ಲೂ ಮರ ಹತ್ತಿ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಆಗ ಕಾಂಡದ ಮೇಲೆ ಪಾಚಿ. ಬಿದ್ದು ಸೊಂಟ ಮುರಿದುಕೊಂಡವರು, ಮತ್ತೆ ಏಳದೇ ಹೋದವರು ಈ ಜಿಲ್ಲೆಯ ಊರೂರಿನಲ್ಲೂ ಇದ್ದಾರೆ. ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ, ಬರುವುದೂ ಬೇಡ ಎಂದರು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅಡಿಕೆ ಮರ ಏರುವ ‘ಬೈಕ್’ ಕಟ್ಟಿದ್ದು ಮರ ಹತ್ತುವವರು ಸಿಗದಾದ ಕಾಲದಲ್ಲೇ. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊಯ್ಯುವವರೂ ಹೆಚ್ಚಾಗಿದ್ದಾರೆ. ಇದು ಒಳ್ಳೆಯದೇ. ಕೂಲಿಗಾಗಿ ಯಾರೂ ಪ್ರಾಣ ಒತ್ತೆ ಇಡಬಾರದು. ಆದರೆ ಹೊರಡುವಾಗ ಅವರ ಪಾದಗಳನ್ನು ಇನ್ನೊಮ್ಮೆ ನೋಡಿದೆ. ತಳೆ ಉಜ್ಜಿ ಉಜ್ಜಿ ಚರ್ಮ ದಪ್ಪಗಟ್ಟಿತ್ತು. ಆ ಪಾದಗಳಿಗೆ ಗೊತ್ತಿರುವುದು ಯಂತ್ರಕ್ಕೆ ದಾಟುವುದಿಲ್ಲ, ಅವರೊಂದಿಗೇ ಮುಗಿಯುತ್ತದೆ ಎನಿಸಿ ಸಂಕಟವಾಯಿತು.

ಮುಂದಿನ ದಾರಿ ನಾರಾವಿ, ಅಳದಂಗಡಿ, ಗುರುವಾಯನಕೆರೆ. ಉದ್ದಕ್ಕೂ ಎಡಗಡೆ ಘಟ್ಟದ ಗೋಡೆ. ನಾರಾವಿ ಪಕ್ಕದ ಕುತ್ಲೂರಿಗೆ 2024ರಲ್ಲಿ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಕೇಂದ್ರ ಸರ್ಕಾರದ ಉತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಬಂದಿತ್ತು. ಇಳಿಯಬೇಕೆನಿಸಿದರೂ ಬಿಸಿಲೇರುವ ಮೊದಲು ಕಲ್ಲು ಹತ್ತಬೇಕಿತ್ತು.

ಬೆಳ್ತಂಗಡಿ ದಾಟಿದ ಮೇಲೆ ಗಡಾಯಿಕಲ್ಲು ದೃಷ್ಟಿಯಿಂದ ತಪ್ಪುವುದೇ ಇಲ್ಲ. ಸುಮಾರು 1,700 ಅಡಿಯ ಒಂದೇ ಕಲ್ಲು. ನರಸಿಂಹಗಡ ಎಂಬ ಹೆಸರಿದ್ದ ಈ ಜಾಗದಲ್ಲಿ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ ಎನ್ನುತ್ತಾರೆ. 1799ರಲ್ಲಿ ಅದು ಬ್ರಿಟಿಷರ ಪಾಲಾಯಿತು. ಏರಲು ಇರುವುದು ಒಂದೇ ಇಕ್ಕಟ್ಟಾದ ದಾರಿ, ಸುಮಾರು 1,876 ಮೆಟ್ಟಿಲು. ಉಳಿದ ಬದಿಗಳಿಗೆ ಗೋಡೆಯೇ ಬೇಡ, ಕಲ್ಲೇ ಗೋಡೆ. ಯಾವ ಸೈನಿಕನೂ ಹತ್ತಲಾರ ಎಂಬ ನಂಬಿಕೆಯ ಮೇಲೆ ನಿಂತ ಕೋಟೆ ಇದು. ಮಳೆಗಾಲದಲ್ಲಿ ಅರಣ್ಯ ಇಲಾಖೆ ಮೆಟ್ಟಿಲಿಗೂ ಬಿಡುವುದಿಲ್ಲ.

ಅರ್ಧ ಏರುವಷ್ಟರಲ್ಲಿ ಅಂಗಿ ಮೈಗೆ ಅಂಟಿತ್ತು. ಕರಾವಳಿಯ ಸೆಕೆಯಲ್ಲಿ ಅಂಗೈ ಒಣಗುವುದೇ ಇಲ್ಲ. ಬಂಡೆ ಏರುವವರು ಬೆವರು ಹೀರಲೆಂದು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಹಚ್ಚಿಕೊಳ್ಳುವುದು ಯಾಕೆಂದು ಮೆಟ್ಟಿಲ ಪಕ್ಕದ ಕಲ್ಲಿಗೆ ಕೈಯೂರಿದಾಗ ಅರ್ಥವಾಯಿತು. ಕೈ ಜಾರಿತು.

ತುದಿಯಲ್ಲಿ ಪಾಳು ಗೋಡೆ, ನೀರಿನ ತೊಟ್ಟಿ, ಎದುರಿಗೆ ಕುದುರೆಮುಖದ ಸಾಲು. ಅಂಚಿನಿಂದ ದೂರದಲ್ಲೇ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದೆ. ಬಂಡೆ ಥಟ್ಟನೆ ಕಡಿದು ಬೀಳುವುದಿಲ್ಲ. ಗಡಿಗೆಯ ಹೊಟ್ಟೆಯಂತೆ ಮೆಲ್ಲನೆ ಬಾಗುತ್ತ, ಇನ್ನೂ ಕೆಲವು ಹೆಜ್ಜೆ ಹೋಗಬಹುದು ಎಂಬ ಆಸೆ ಹುಟ್ಟಿಸಿ, ಆಮೇಲೆ ಮರೆಯಾಗುತ್ತದೆ. ಅದಾದ ಮೇಲೆ ಕಾಣುವುದು ನೇರವಾಗಿ ತೆಂಗಿನ ತಲೆಗಳೇ. ಭಯದ ಜೊತೆಗೇ ಒಂದು ಸೆಳೆತ. ಎತ್ತರದಲ್ಲಿ ನಿಂತಾಗ ಹಾರಿಬಿಡಬೇಕೆನಿಸುವ ಈ ಅನುಭವವನ್ನು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2012ರಲ್ಲಿ ಪರಿಶೀಲಿಸಿದ್ದರು. ಸಾಯುವ ಯೋಚನೆಯೇ ಇಲ್ಲದವರಿಗೂ ಹಾಗನಿಸುವುದುಂಟು. ಅವರ ಊಹೆ ಇದು: ಅಪಾಯ ಅರಿತ ದೇಹ ಮೊದಲೇ ಹಿಂದೆ ಸರಿಯುತ್ತದೆ. ಯಾಕೆ ಸರಿದೆ ಎಂದು ಮನಸ್ಸು ತಡವಾಗಿ ಯೋಚಿಸಿ, ಹಾರಲು ಹೊರಟಿದ್ದೆನೇನೋ ಎಂದು ತಪ್ಪಾಗಿ ಓದಿಕೊಳ್ಳುತ್ತದೆ. ಹಾಗಾದರೆ ನನ್ನ ಸೆಳೆತವೂ ಬದುಕುವ ಆಸೆಯದೇ ಇನ್ನೊಂದು ಮುಖ. ಅದು ನೆನಪಾಗಿ ಎದೆಬಡಿತ ಸ್ವಲ್ಪ ಇಳಿಯಿತು.

ಹಗ್ಗವಿಲ್ಲದೆ ಹತ್ತುವವರಿಗೆ ಭಯವೇ ಇಲ್ಲ ಎಂದು ಜನ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಮೆರಿಕದ ಅಲೆಕ್ಸ್ ಹೊನೊಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿಯ ಗೋಡೆಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷಗಳಲ್ಲಿ ಏರಿದ. ಅದಕ್ಕೂ ಮೊದಲು ಅವನ ಮಿದುಳಿನ ಸ್ಕ್ಯಾನ್ ಆಗಿತ್ತು. ಬೆಚ್ಚಿಬೀಳಿಸುವ ಚಿತ್ರಗಳನ್ನು ತೋರಿಸಿದರೂ ಭಯ ಎಬ್ಬಿಸುವ ಅಮಿಗ್ಡಲಾ ಭಾಗ ಮಿಸುಕಲಿಲ್ಲ. ಜನರಿಗೆ ಇಷ್ಟವಾದದ್ದು ಈ ಸಂಗತಿಯೇ. ನನಗೆ ಮುಖ್ಯವೆನಿಸುವುದು ಬೇರೆ. ಅವನು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಏರಿ, ಪ್ರತಿ ಹಿಡಿತವನ್ನೂ ಬಾಯಿಪಾಠ ಮಾಡಿಕೊಂಡಿದ್ದ. 2016ರಲ್ಲಿ ಹಗ್ಗವಿಲ್ಲದೆ ಹೊರಟು, ಹಿಡಿಯಲು ಏನೂ ಇಲ್ಲದ ಕೆಳಭಾಗದ ನುಣುಪು ಬಂಡೆಯಲ್ಲಿ ಕಾಲಿನ ಮೇಲೆ ನಂಬಿಕೆ ಬಾರದೆ ಪ್ರಯತ್ನ ಕೈಬಿಟ್ಟಿದ್ದ. ದಶಕಗಳ ಕಾಲ ಹಗ್ಗವಿಲ್ಲದೆ ಏರುತ್ತಿದ್ದ ಜಾನ್ ಬಾಕರ್ 2009ರಲ್ಲಿ ಬಿದ್ದು ತೀರಿಕೊಂಡ ಲೋಕ ಅದು. ಕೌಶಲ ಎಷ್ಟಿದ್ದರೂ ಒಂದು ತಪ್ಪಿಗೆ ಅಲ್ಲಿ ಕ್ಷಮೆಯಿಲ್ಲ.

ಮನಸ್ಸು ಬೇಡ ಅಂದ್ರೆ ಆ ಮರ ಬಿಡುವುದು. ಶಿರ್ತಾಡಿಯ ಆ ಹಿರಿಯರು ಹೇಳಿದ್ದನ್ನೇ ಹೊನೊಲ್ಡ್ ಮಾಡಿದ್ದ. ಇಬ್ಬರಿಗೂ ಭಯ ಕೆಲಸಕ್ಕೆ ಬರುವ ವಸ್ತು, ತಳೆಯಂತೆ, ಪುಡಿಯ ಚೀಲದಂತೆ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂದು ಮೆಟ್ಟಿಲಿಳಿಯುವಾಗ ನನ್ನ ಮೊಣಕಾಲುಗಳೂ ಹೇಳುತ್ತಿದ್ದವು. ಬರಿ ಬಂಡೆಯಲ್ಲಿ ಕಾಲಿಡುವ ಜಾಗವೇ ಕಾಣದು. ಹಿಂದಿರುಗುವ ತೀರ್ಮಾನ ಹಿಂದಿರುಗಲು ಸಾಧ್ಯವಿರುವಾಗಲೇ ಆಗಬೇಕು. ಆ ತೀರ್ಮಾನಗಳ ವಿಡಿಯೋ ಯಾರೂ ಹಂಚಿಕೊಳ್ಳುವುದಿಲ್ಲ. ಜ್ಯೋತಿರಾಜ್ ಅವರನ್ನು ಇನ್ನೊಮ್ಮೆ ಕಂಡರೆ ಎಷ್ಟು ಎತ್ತರ ಏರಿದಿರಿ ಎಂದು ಕೇಳುವುದಿಲ್ಲ. ಯಾವ ಗೋಡೆಯ ಬುಡದಿಂದ ವಾಪಸು ಬಂದಿರಿ, ಆ ದಿನ ಕೈಗೆ ಏನು ಗೊತ್ತಾಯಿತು ಎಂದು ಕೇಳುತ್ತೇನೆ.