ಸರ್ಕಸ್ಸಿನ ಡೇರೆಯಲ್ಲಿ ಒಂದು ಸಾಯಂಕಾಲ

ಶಾಲೆಯ ಸಂಚಿಕೆಯಲ್ಲಿ ಸರ್ಕಸ್ಸಿನ ಮಾತೇಕೆಂದು ವಾಚಕರು ಕೇಳಬಹುದು. ಇವೆರಡಕ್ಕೂ ಇರುವ ನಂಟು ಹಳೆಯದು. ವಿಷ್ಣುಪಂತ ಛತ್ರೆ ಎಂಬವರು 1880ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ತಮ್ಮ ಸರ್ಕಸ್ಸನ್ನು ಆರಂಭಿಸಿದರು. ಭಾರತೀಯನೊಬ್ಬನು ಕಟ್ಟಿದ ಮೊದಲನೆಯ ಸರ್ಕಸ್ ಮಂಡಳಿಯು ಅದೇ. ಆ ಮಂಡಳಿಯು ಮಲಬಾರಿನ ತಲಚೇರಿಗೆ ಬಂದಾಗ, ಅಲ್ಲಿ ಬಾಸೆಲ್ ಮಿಶನಿನ ಶಾಲೆಯೊಂದರಲ್ಲಿ ಅಂಗಸಾಧನೆಯನ್ನು ಕಲಿಸುತ್ತಿದ್ದ ಕೀಲೇರಿ ಕುಂಞಿಕಣ್ಣನ್ ಎಂಬ ಉಪಾಧ್ಯಾಯರೊಡನೆ ಸ್ನೇಹವಾಯಿತು. ಇವರು ಕಳರಿವಿದ್ಯೆಯಲ್ಲಿಯೂ ನಿಪುಣರು. ಇವರೇ 1901ರಲ್ಲಿ ಚಿರಕ್ಕರೆಯಲ್ಲಿ ಸರ್ಕಸ್ಸನ್ನು ಕಲಿಸುವ ಶಾಲೆಯನ್ನು ತೆರೆದರು. 1939ರಲ್ಲಿ ಅವರು ತೀರಿಕೊಳ್ಳುವಷ್ಟರೊಳಗೆ ಅವರ ಶಿಷ್ಯರು ದೇಶದ ಹಲವು ಡೇರೆಗಳಲ್ಲಿ ಹರಡಿಕೊಂಡಿದ್ದರು. ತಲಚೇರಿಯು ಮಂಗಳೂರಿನಿಂದ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.

ನಮ್ಮ ವಸತಿಗೃಹದ ಆಯಾ ಆ ಕಡೆಯವರು. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿದ್ದಾರೆ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಒಂದು ಸರ್ಕಸ್ಸಿಗೆ ಸೇರಿಸಿದರಂತೆ. ಮನೆಯಲ್ಲಿ ಮಕ್ಕಳು ಹಲವರು, ಅನ್ನವು ಅಲ್ಪ. ಮೂವತ್ತರ ಮೇಲೆ ಹೆಗಲಿನ ಕೀಲು ಕೆಡುವ ತನಕ ಅವರು ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಿದ್ದರು. ಸರ್ಕಸ್ಸನ್ನು ಬಿಟ್ಟಾಗ ಅವರಿಗೆ ಅಕ್ಷರಜ್ಞಾನವಿರಲಿಲ್ಲ. ಕನ್ನಡದಲ್ಲಿ ತಮ್ಮ ಹೆಸರನ್ನು ಬರೆಯಲು ನಮ್ಮ ಎಂಟನೆಯ ತರಗತಿಯ ಹುಡುಗಿಯರಿಂದ ಕಲಿತರು.

ಇಂಥವರನ್ನು ಹುಡುಗಿಯರ ವಸತಿಗೃಹದಲ್ಲಿ ಇಡುವುದು ಯುಕ್ತವೇ ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದುಂಟು. ಕಳೆದ ಚಳಿಗಾಲದಲ್ಲಿ ಊರಿಗೆ ಒಂದು ಸರ್ಕಸ್ಸು ಬಂದಿತು. ವಸತಿಗೃಹದ ಹುಡುಗಿಯರನ್ನು ಕರೆದುಕೊಂಡು ಹೋಗುವಾಗ ಅವರನ್ನೂ ಕರೆದೆವು. ಎರಡು ದಿನ ಬೇಡವೆಂದರು. ಮೂರನೆಯ ದಿನ ಒಗೆದ ಸೀರೆಯನ್ನುಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು.

ಹುಡುಗಿಯರು ಮುಂದಿನ ಸಾಲಿಗೆ ಓಡಿದರು. ಆಯಾ ಮಾತ್ರ ಪಕ್ಕದ ಗ್ಯಾಲರಿಯನ್ನು ಆರಿಸಿಕೊಂಡರು. ಹಾರುವವರ ಲೆಕ್ಕವು ಪಕ್ಕದಿಂದಲೇ ತಿಳಿಯುವುದಂತೆ. ನಾವು ಅವರ ಬಳಿಯಲ್ಲಿ ಕುಳಿತೆವು. ವಾದ್ಯವು ಮೊಳಗಿತು, ವಿದೂಷಕರು ಬಿದ್ದೆದ್ದು ನಗಿಸಿದರು. ಇವರ ಕಣ್ಣು ಅತ್ತ ಇರಲಿಲ್ಲ. ಬಲೆಯ ಹಗ್ಗಗಳನ್ನು ಗೂಟಕ್ಕೆ ಬಿಗಿಯುತ್ತಿದ್ದ ಇಬ್ಬರು ಆಳುಗಳನ್ನೇ ನೋಡುತ್ತಿದ್ದರು. ಅವರು ನಾಲ್ಕು ಮೂಲೆಗಳನ್ನೂ ಎಳೆದು ಪರೀಕ್ಷಿಸಿದ ಮೇಲೆಯೇ ಇವರು ಬೆನ್ನನ್ನು ಒರಗಿಸಿದರು.

ಹುಲಿ ಸಿಂಹಗಳು ಈಗ ಇಲ್ಲ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದೆಂದು ಸರಕಾರವು 1998ರಲ್ಲಿ ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎತ್ತಿಹಿಡಿಯಿತು. ಇದರಿಂದ ಬೇಸರವೇ ಎಂದು ಕೇಳಿದೆವು. “ನಮ್ಮ ಗುಡಾರದ ಹಿಂದೆಯೇ ಸಿಂಹದ ಬೋನು ಇತ್ತು. ರಾತ್ರಿಯೆಲ್ಲ ಅದು ಅತ್ತಿಂದಿತ್ತ ನಡೆಯುವ ಸದ್ದು ಕೇಳುತ್ತಿತ್ತು. ಹೋದದ್ದು ಒಳ್ಳೆಯದಾಯಿತು” ಎಂದರು. ಖಾಲಿ ಬೆಂಚುಗಳನ್ನು ನೋಡಿ ಮಾತ್ರ ನಿಟ್ಟುಸಿರುಬಿಟ್ಟರು.

ಉಯ್ಯಾಲೆಯ ಆಟವು ಕಡೆಯಲ್ಲಿ ಬಂದಿತು. ಪ್ಯಾರಿಸ್ ನಗರದಲ್ಲಿ ಝೂಲ್ ಲಿಯೊತಾರ್ ಎಂಬ ತರುಣನು 1859ರಲ್ಲಿ ಮೊದಲು ತೋರಿಸಿದ ಆಟವಿದು. ಹಿಡಿಯುವವನು ಮೊಣಕಾಲುಗಳಿಂದ ತಲೆಕೆಳಗಾಗಿ ತೂಗುವನು. ಹಾರುವವಳು ತನ್ನ ಕೋಲನ್ನು ಬಿಟ್ಟು, ನಡುವೆ ಮೈಯನ್ನು ಸುತ್ತಿಸಿ, ಕೈಗಳನ್ನು ಚಾಚುವಳು. ಬೆರಳಿಗೆ ಬೆರಳು ಹಿಡಿಯುವುದಿಲ್ಲ. ಮಣಿಕಟ್ಟಿಗೆ ಮಣಿಕಟ್ಟು ಸೇರಬೇಕು. ಅರೆಕ್ಷಣ ಹಿಂದಾದರೂ ಮುಂದಾದರೂ ಆಗದು.

ಆ ದಿನ ಹುಡುಗಿಯೊಬ್ಬಳು ತಪ್ಪಿ ಬಲೆಗೆ ಬಿದ್ದಳು. ನಮ್ಮ ಮಕ್ಕಳು ಚೀರಿದರು. ಆಯಾ ಅಲ್ಲಾಡಲಿಲ್ಲ. “ಬೆನ್ನಿನ ಮೇಲೆ ಬಿದ್ದಳು. ಸರಿಯಾಗಿ ಕಲಿತಿದ್ದಾಳೆ” ಎಂದರು. ಬೀಳುವುದನ್ನು ಕಲಿಯದೆ ಹಾರಲು ಯಾರನ್ನೂ ಬಿಡುವುದಿಲ್ಲವಂತೆ. ಬಲೆಯಲ್ಲಿಯೂ ಕುತ್ತಿಗೆ ಮುರಿಯಬಹುದಂತೆ. ಅವಳು ಪುನಃ ಏಣಿಯನ್ನು ಹತ್ತಿ, ಹಾರಿ, ಹಿಡಿಸಿಕೊಂಡಳು. ಡೇರೆಯೆಲ್ಲವೂ ಚಪ್ಪಾಳೆಯಿಂದ ತುಂಬಿತು. ಅದು ಅಡಗಿದ ತರುವಾಯ ಇವರೊಬ್ಬರೇ, ಮೇಲೆ ತೂಗುತ್ತಿದ್ದ ಆ ಗಂಡಸಿನ ಕಡೆಗೆ ಮುಖವೆತ್ತಿ, ಮೆಲ್ಲನೆ ಚಪ್ಪಾಳೆ ತಟ್ಟಿದರು.

ಅನಂತರ ಅವರು ನಮ್ಮ ಕಿವಿಯಲ್ಲಿ ಹೇಳಿದ ಮಾತು ಇದು: “ನಾನು ಇದನ್ನು ಮೇಲಿನಿಂದಲೂ ಪರದೆಯ ಹಿಂದಿನಿಂದಲೂ ಕಂಡಿದ್ದೆ. ಇಲ್ಲಿಂದ ಕಂಡಿರಲಿಲ್ಲ. ನಾವು ಇಷ್ಟು ಚೆಂದವಾಗಿ ಕಾಣುತ್ತಿದ್ದೆವೋ?”

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಾವಿರಾರು ಜನರಿಗೆ ತೋರಿಸಿದ ಸೊಬಗನ್ನು ಅವರು ಅಂದೇ ಮೊದಲು ನೋಡಿದ್ದು. ನಮಗೆ ಉತ್ತರ ಹೇಳಲು ನಾಲಿಗೆ ಏಳಲಿಲ್ಲ.

ಹಿಂತಿರುಗುವಾಗ ಒಬ್ಬ ಹುಡುಗಿ, “ಆಯಾ, ನಿಮಗೆ ಮೊಮ್ಮಗಳಿದ್ದರೆ ಸರ್ಕಸ್ಸಿಗೆ ಕಳುಹಿಸುವಿರಾ?” ಎಂದು ಕೇಳಿದಳು. ಅವರು ಸ್ವಲ್ಪ ದೂರ ಸುಮ್ಮನೆ ನಡೆದು, “ಓದು ಮುಗಿದು, ದೊಡ್ಡವಳಾಗಿ, ಅವಳೇ ಬಂದು ಕೇಳಿದರೆ ಕಳುಹಿಸುವೆನು. ನನ್ನನ್ನು ಯಾರೂ ಕೇಳಲಿಲ್ಲ” ಎಂದರು.

2011ನೆಯ ಇಸವಿಯ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಆ ತೀರ್ಪಿನ ಸಾರವು ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನಮಗೆ ತೋರಿತು. ಆಯಾ ತಮ್ಮ ವಿದ್ಯೆಗೆ ನಾಚುವವರಲ್ಲ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮರೆತವರೂ ಅಲ್ಲ. ಇವೆರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವೆಂಬುದನ್ನು ನಮ್ಮ ಹುಡುಗಿಯರು ಆ ದಾರಿಯಲ್ಲಿ ಕಲಿತರು. ಪಾಠಪುಸ್ತಕದಿಂದ ಅದನ್ನು ಕಲಿಸಲು ನಮಗೆ ಸಾಧ್ಯವಾಗುತ್ತಿರಲಿಲ್ಲ.

ಪ್ರಿಯ ಪೋಷಕರೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ರಾತ್ರಿ ದೀಪವಾರಿಸಿದ ಮೇಲೆ ನಿಮ್ಮ ಹೆಣ್ಣುಮಕ್ಕಳ ಕೋಣೆಗಳ ಬಾಗಿಲುಗಳನ್ನೂ ಕಿಟಕಿಗಳ ಅಗುಳಿಗಳನ್ನೂ ಒಂದೊಂದಾಗಿ ಎಳೆದು ನೋಡುವವರು ಈ ಹೆಂಗಸೇ. ಹಳೆಯ ವಿದ್ಯಾರ್ಥಿನಿಯರು ಅದನ್ನು ಬಲ್ಲರು. ಬರುವ ಕ್ರೀಡಾದಿನದಂದು ಎತ್ತರ ಜಿಗಿತದ ಹಾಸಿಗೆಯ ಬಳಿಯಲ್ಲಿ ನಿಂತು, ಬೀಳುವ ರೀತಿಯನ್ನು ಅವರು ಹುಡುಗಿಯರಿಗೆ ತೋರಿಸಿಕೊಡುವರು. ಆ ದಿನ ತಾವೆಲ್ಲರೂ ಬಂದು ಅವರನ್ನು ಕಂಡು ಮಾತನಾಡಿಸಬೇಕೆಂದು ಕೇಳಿಕೊಳ್ಳುತ್ತೇವೆ.